ಅರವತ್ತನಾಲ್ಕು ಬಾಸ್‌ಗಳ ಕಳವು

“ಪತ್ತೇದಾರ್ರೇ, ಮೂಗು ಸ್ವಲ್ಪ ಆಚೆ ತೆಗೀರಿ. ಬೆವರು ಚೀಟಿಗಳ ಮೇಲೆ ಬೀಳುತ್ತೆ.”

ಪತ್ತೇದಾರ ಛತ್ರಿ ಮೂಗು ತೆಗೆದ. ಅರ್ಧ ಗಂಟೆಯಿಂದ ಅದು ಆ ಮರದ ಖಾನೆಯೊಳಗೇ ಇತ್ತು. ಒಳ್ಳೆಯ ಪತ್ತೇದಾರನಿಗೆ ಕಳ್ಳನ ವಾಸನೆ ಸಿಗುತ್ತದೆ ಎಂದು ಎಲ್ಲೋ ಓದಿದ್ದ. ಇಲ್ಲಿ ಸಿಕ್ಕಿದ್ದು ಹಳೇ ಕಾಗದದ ವಾಸನೆ, ಜೊತೆಗೆ ನುಸಿಗುಳಿಗೆಯದು.

ಬಾಯಿಮಾತಿನ ಇಂಗ್ಲಿಷ್ ಪದಗಳಿಗೆ ಅರ್ಥ ಬರೆಯುವ ಆ ನಿಘಂಟು ಕಚೇರಿಯಿಂದ ‘ಬಾಸ್’ ಎಂಬ ಪದದ ಅರವತ್ತನಾಲ್ಕು ಚೀಟಿಗಳ ಕಟ್ಟು ನಿನ್ನೆ ಕಾಣೆಯಾಗಿತ್ತು. ಇವತ್ತು ನಾಲ್ಕು ಗಂಟೆಗೆ ಪ್ರೆಸ್ಸಿನವರು ಬರುವುದರೊಳಗೆ ಸಿಗದಿದ್ದರೆ ಆ ಖಾನೆಯ ಬೀಗದ ಕೈ ಇಟ್ಟುಕೊಂಡವಳು ಕೆಲಸ ಬಿಟ್ಟು ಮನೆಗೆ ಹೋಗಬೇಕಿತ್ತು. ಬೀಗದ ಕೈ ಇಟ್ಟುಕೊಂಡವಳು ಛತ್ರಿಯ ಅಕ್ಕ.

ಗೋಡೆ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು.

ಅವನಿಗೆ ಛತ್ರಿ ಎಂಬ ಹೆಸರು ಬಂದದ್ದು ಹಿಂದಿನ ಕೆಲಸದಿಂದ. ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದ. ಜನ ಮರೆಯುವುದು ಮುಖ್ಯವಾಗಿ ಛತ್ರಿ. ಸಾವಿರಾರು ಛತ್ರಿಗಳನ್ನು ಒಣಗಿಸಿ, ಸುತ್ತಿ, ಚೀಟಿ ಅಂಟಿಸಿ ಇಟ್ಟವನು ಕೌಂಟರು ಮುಚ್ಚಿದ ಮೇಲೆ ಪತ್ತೇದಾರನಾದ. ಆ ಹೆಸರಿಗೆ ಊರಿನವರು ಕೊಡುವ ಇನ್ನೊಂದು ಅರ್ಥ ಅವನಿಗೆ ಗೊತ್ತಿತ್ತು; ಆದರೆ ಅಷ್ಟು ಕಿಲಾಡಿತನ ತನ್ನಲ್ಲಿ ಇದೆ ಎಂದು ಜನ ನಂಬಿದರೆ ಕಸುಬಿಗೆ ಒಳ್ಳೆಯದೇ ಎಂದು ಸುಮ್ಮನಿದ್ದ. ಬಿಸಿಲು ನೆತ್ತಿ ಸುಡುವ ದಿನವೂ ಕೈಯಲ್ಲಿ ಒಂದು ಉದ್ದನೆಯ ಕರಿ ಛತ್ರಿ ಇರುತ್ತಿತ್ತು. ಗುಂಡಿ ಒತ್ತಿದರೆ ‘ಫಟ್’ ಎಂದು ಬಿಚ್ಚಿಕೊಳ್ಳುವಂಥದ್ದು.

ಮೂರು ವರ್ಷದಲ್ಲಿ ಹನ್ನೊಂದು ಪ್ರಕರಣ ಹಿಡಿದಿದ್ದ. ಸಿಕ್ಕಿದ್ದು ಒಂದು ಬೆಕ್ಕು.

“ಮೇಷ್ಟ್ರೇ, ಸುತ್ತಿ ಬಳಸಿ ಕೇಳಲ್ಲ,” ಅಂದ ಛತ್ರಿ ಎದ್ದು ಮೊಣಕಾಲು ಕೊಡವಿಕೊಳ್ಳುತ್ತ. “ಈ ಬಾಸ್ ಯಾರು?”

ಎದುರಿಗಿದ್ದವರ ಮುಖ ಅರಳಿತು. ಪದಗಳ ಹುಟ್ಟು ಬರೆಯುವುದು ಅವರ ಕೆಲಸ. ಕಚೇರಿಯಲ್ಲಿ ಎಲ್ಲರೂ ‘ಮೂಲ ಮೇಷ್ಟ್ರು’ ಅನ್ನುತ್ತಿದ್ದರು, ಕಾಯಿಲೆಯ ಹೆಸರಿನ ಹಾಗೆ ಕೇಳಿಸುತ್ತದೆ ಎಂದು ಅವರು ಸಿಡುಕುತ್ತಿದ್ದರು. ಮೂವತ್ತು ವರ್ಷದಲ್ಲಿ ಒಬ್ಬರಾದರೂ ಹೀಗೆ ತಾವಾಗಿ ಬಂದು ಒಂದು ಪದದ ಮೂಲ ಕೇಳಿರಲಿಲ್ಲ.

“ಯಾವ ಬಾಸು? ಫ್ರೆಂಚರ ಕಡೆಯದೋ, ಡಚ್ಚರ ಕಡೆಯದೋ?”

“ಇಬ್ಬರಿದಾರಾ?” ಛತ್ರಿ ಟಿಪ್ಪಣಿ ಪುಸ್ತಕ ತೆಗೆದ.

“ಫ್ರೆಂಚರದು ಗುಬುಟು. ಗುರಾಣಿ ನಡುವೆ ಉಬ್ಬಿರುತ್ತಲ್ಲ, ಅದು. ಅದಕ್ಕೂ ನಮ್ಮದಕ್ಕೂ ನಂಟಿಲ್ಲ. ನಮ್ಮದು ಡಚ್ಚರ ಮನೆಯಿಂದ ಬಂದದ್ದು. ಅವರಲ್ಲಿ ಆ ಮಾತಿಗೆ ಒಡೆಯ ಅಂತ ಅರ್ಥ. ಅಮೆರಿಕಕ್ಕೆ ಹೋದ ಇಂಗ್ಲಿಷರಲ್ಲಿ ಕೂಲಿ ಮಾಡೋರಿಗೆ ತಮ್ಮ ಯಜಮಾನನನ್ನ ‘ಮಾಸ್ಟರ್’ ಅನ್ನೋಕೆ ನಾಲಿಗೆ ಏಳಲಿಲ್ಲ. ಆ ಮಾತಲ್ಲಿ ಜೀತದ ವಾಸನೆ. ಸರಿ, ನೆರೆಯ ಡಚ್ಚರ ಮಾತನ್ನ ಕೇಳಿ ಇಟ್ಕೊಂಡ್ರು. ಅರ್ಥ ಹೆಚ್ಚುಕಮ್ಮಿ ಅದೇ. ಆದ್ರೆ ಹೇಳುವಾಗ ಬೆನ್ನು ಬಗ್ಗಲ್ಲ ನೋಡಿ!”

“ಅದಕ್ಕೂ ಹಿಂದೆ ಎಲ್ಲಿದ್ದ?”

“ಅದಕ್ಕೂ ಹಿಂದೆ ಕತ್ತಲೆ. ಮೊದಲು ಅದು ಮಾವನೋ ಚಿಕ್ಕಪ್ಪನೋ ಆಗಿದ್ದಿರಬಹುದು ಅಂತಾರೆ. ‘ಬಹುದು’ ಅಷ್ಟೆ, ಬರೆದ್ಕೊಳ್ಳಿ. ಜರ್ಮನರ ಹಳೇ ಮಾತಲ್ಲಿ ಹತ್ತಿರದ ಒಂದು ಪದ ಇದೆ. ಅದರ ಅರ್ಥ ಅತ್ತೆ.”

ಛತ್ರಿ ಬರೆದುಕೊಂಡ: ಗುರಾಣಿ. ಮಾವ. ಅತ್ತೆ.

“ಇನ್ನೂ ಇದೆ. ಕೆಲವು ಕಡೆ ದನಕ್ಕೆ ಪ್ರೀತಿಯಿಂದ ‘ಬಾಸ್’ ಅಂತಾರೆ. ಒಂದು ಬಂದರು ಊರಲ್ಲಿ ಏನಾದ್ರೂ ಭರ್ಜರಿಯಾಗಿದ್ರೆ ಅದು ‘ಬಾಸ್’. ಬಾಸ್‌ಗಣ್ಣು ಅಂದ್ರೆ ಮೆಳ್ಳೆಗಣ್ಣು. ನಮ್ಮ ಗೇಟಿನವನ ಬಾಯಲ್ಲಂತೂ ಎಲ್ಲರೂ ಬಾಸೇ. ಯಜಮಾನರಿಗೂ ಬಾಸ್, ಹಾಲಿನವನಿಗೂ ಬಾಸ್. ಅವನು ಒಡೆಯ ಅನ್ನಲ್ಲ, ಅಣ್ಣ ಅಂತಾನೆ.”

ದನ. ಬಂದರು. ಮೆಳ್ಳೆಗಣ್ಣು. ಛತ್ರಿ ಪುಟ ತಿರುವಿ ನೋಡಿದ. ಒಂದೂವರೆ ಪುಟ ತುಂಬಿತ್ತು, ಒಬ್ಬ ಶಂಕಿತನಿಗೂ ಮನೆ ವಿಳಾಸ ಇರಲಿಲ್ಲ. ಬೆಳಗ್ಗೆ ಗೇಟಿನವನು ತನ್ನನ್ನು ಮಾತ್ರ ‘ಏನ್ರೀ’ ಎಂದದ್ದು ಜ್ಞಾಪಕಕ್ಕೆ ಬಂದು ಸ್ವಲ್ಪ ಚುರ್ ಅನ್ನಿಸಿತು.

“ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಈ ಕಟ್ಟು ಹೋದ್ರೆ ಲಾಭ ಇರೋದು ನಿಮಗೆ. ಯಜಮಾನರಿಗೂ ನಿಮಗೂ ಬಾಸ್ ವಿಚಾರದಲ್ಲಿ ಎಣ್ಣೆ ಸೀಗೆಕಾಯಿ ಅಂತೆ.”

ಯಜಮಾನರು ಎಂದರೆ ಪ್ರಧಾನ ಸಂಪಾದಕರು. ಅವರ ಕುರ್ಚಿಯ ಹಿಂದೆ ಗೋಡೆಯ ಮೇಲೆ ದಪ್ಪಕ್ಷರದ ಹಲಗೆ ಇತ್ತು: ‘ಚೀಟಿ ಇಲ್ಲದ ಪದ ಅಚ್ಚಿಗಿಲ್ಲ.’ ಒಂದು ಪದವನ್ನು ಯಾರು, ಎಲ್ಲಿ, ಯಾವಾಗ ಆಡಿದರು ಎಂಬುದನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು, ತಂದವರು ಕೆಳಗಿನ ಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರ ಹಾಕಬೇಕು. ಚೀಟಿ ಕಣ್ಣಾರೆ ನೋಡದೆ ಪ್ರೆಸ್ಸಿನವರು ಒಂದು ಸಾಲನ್ನೂ ಜೋಡಿಸುವ ಹಾಗಿಲ್ಲ. ಹಲಗೆಯ ಪಕ್ಕದಲ್ಲಿ ಯಜಮಾನರು ಪದಕ ತೊಟ್ಟು ನಿಂತ ಫೋಟೋ. ಆ ಪದಕ ಬಂದದ್ದು ‘ಬಾಸ್’ ಕಟ್ಟಿನ ಒಂದನೇ ಚೀಟಿಯಿಂದ.

“ಒಂದನೇ ಚೀಟಿ!” ಮೇಷ್ಟ್ರು ಬಾಯಿ ಕಹಿ ಮಾಡಿಕೊಂಡರು. “ಹಳೇ ದರ್ಜಿ ಅಂಗಡಿ ರಸೀದಿಯ ಬೆನ್ನಿನ ಮೇಲೆ ಬರೆದದ್ದಂತೆ: ‘ಬಾಸ್, ತೋಳು ಒಂದಿಂಚು ಉದ್ದ ಆಗಿದೆ.’ ನಮ್ಮೂರಲ್ಲಿ ಆ ಮಾತು ಬಳಕೆಗೆ ಬಂದದ್ದಕ್ಕಿಂತ ನಲವತ್ತು ವರ್ಷ ಹಿಂದಿನ ಇಸವಿ ಅದರ ಮೇಲೆ. ಅದರ ಮೇಲೆ ಮೂವತ್ತು ಪುಟದ ಮುನ್ನುಡಿ ಬರೆದಿದಾರೆ ಮಹಾನುಭಾವರು. ಮೂವತ್ತು ಪುಟ, ಒಂದಿಂಚು ತೋಳಿನ ಮೇಲೆ!”

“ನೀವು ಆ ಚೀಟಿ ನೋಡಿದೀರಾ?”

“ಮುಟ್ಟೋಕೆ ಎಲ್ಲಿ ಬಿಡ್ತಾರೆ? ಕಟ್ಟಿಗೆ ಅರಗಿನ ಮುದ್ರೆ ಒತ್ತಿಟ್ಟಿದ್ರು. ಆದ್ರೆ ಅಂಗಡಿ ಹೆಸರು, ಇಸವಿ ಎಲ್ಲ ಅವರ ಭಾಷಣದಲ್ಲಿ ಕೇಳಿ ಕೇಳಿ ಬಾಯಿಪಾಠ.” ಮೇಷ್ಟ್ರು ಸುತ್ತ ನೋಡಿ ದನಿ ತಗ್ಗಿಸಿದರು. “ಆ ದರ್ಜಿ ಅಂಗಡಿ ಇವತ್ತಿಗೂ ಇದೆ. ಬೆಳಗ್ಗೆ ಹೋಗಿದ್ದೆ. ಬೋರ್ಡ್ ಮೇಲೆ ಅಂಗಡಿ ಶುರುವಾದ ವರ್ಷ ಬರೆದಿದೆ. ಚೀಟಿ ಮೇಲಿನ ಇಸವೀಲಿ ಆ ದರ್ಜಿಯ ಅಪ್ಪನಿಗೇ ಇನ್ನೂ ಮದುವೆ ಆಗಿರಲಿಲ್ಲ!”

ಛತ್ರಿಯ ಪೆನ್ನು ನಿಂತಿತು.

“ಅಂದ್ರೆ ಚೀಟಿ ಸುಳ್ಳು?”

“ಶುದ್ಧ ಸುಳ್ಳು. ಹುಟ್ಟಿಸಿದವರು ಯಾರು ಅಂತ ಕೇಳಿ. ಮೂಲೆಯಲ್ಲಿ ಯಾರ ಅಕ್ಷರ ಇದೆ? ಯಜಮಾನರದು. ಹುಡುಕಿ ತಂದವರು ತಾವೇ ಅಂತ ಪದಕ ತಗೊಂಡಿದ್ದು ಯಾರು? ಯಜಮಾನರು. ನಾನು ಅಂಗಡಿಗೆ ಹೋಗಿ ವಿಚಾರಿಸ್ತೀನಿ ಅಂತ ಮೊನ್ನೆ ಹೇಳಿದೆ. ಮಾರನೇ ದಿನ ಕಟ್ಟೇ ಮಾಯ! ನೀವೇ ಲೆಕ್ಕ ಹಾಕಿ. ಆ ಚೀಟಿ ಒಂದು ಸಲ ನನ್ನ ಕೈಗೆ ಸಿಗಲಿ. ಈ ಕಚೇರೀಲಿ ಯಾರ ಕೈಬರಹ ಆದ್ರೂ ನಿದ್ದೆಗಣ್ಣಲ್ಲಿ ಗುರುತು ಹಿಡೀತೀನಿ. ಪ್ರೆಸ್ಸಿನವರ ಮುಂದೇನೇ ಅವರ ಮುಖವಾಡ ಕಿತ್ತು ಕೈಗೆ ಕೊಡ್ತೀನಿ. ಮೂವತ್ತು ವರ್ಷದಿಂದ ಕಾಯ್ತಿದೀನಿ.”

ಛತ್ರಿ ಪುಸ್ತಕ ಮಡಚಿ ಜೇಬಿಗೆ ಹಾಕಿದ. ಖಾನೆಯ ಇನ್ನೊಂದು ಬೀಗದ ಕೈ ಇರುವುದು ಯಜಮಾನರ ಮೇಜಿನಲ್ಲಿ. ಸುಳ್ಳು ಬಯಲಾಗುವ ಹೆದರಿಕೆಗೆ ಅವರೇ ಕಟ್ಟು ಎತ್ತಿಟ್ಟು, ತಪ್ಪನ್ನು ಅಕ್ಕನ ತಲೆಗೆ ಕಟ್ಟಿದ್ದಾರೆ. ಎಂಥ ಮನುಷ್ಯ! ಇಪ್ಪತ್ತೆರಡು ವರ್ಷ ತಲೆ ತಗ್ಗಿಸಿ ದುಡಿದವಳನ್ನು ನಿನ್ನೆ ಎಲ್ಲರೆದುರು ಕಳ್ಳಿ ಎಂದು ಕರೆದರಂತೆ.

ಒಂದೇ ಒಂದು ಮಾತು ಕೇಳುವುದು ಉಳಿದಿತ್ತು. ಹೊರಡುವ ಆತುರದಲ್ಲಿ ಅದನ್ನು ಬಾಗಿಲಲ್ಲಿ ನಿಂತು ಕೇಳಿದ.

“ಅಂಗಡಿಗೆ ಹೋಗ್ತೀನಿ ಅಂತ ಯಜಮಾನರಿಗೆ ಹೇಳಿದ್ರಾ?”

“ಅವರ ಹತ್ರ ನಾನು ಮಾತು ಬಿಟ್ಟು ಆರು ವರ್ಷ ಆಯ್ತು. ನಿಮ್ಮಕ್ಕನ ಹತ್ರ ಹೇಳಿದೆ. ಅವಳು ಹೇಳಿರ್ತಾಳೆ.”

ಇದರಲ್ಲಿ ಯೋಚಿಸುವಂಥದ್ದು ಏನೋ ಇತ್ತು. ಆದರೆ ಛತ್ರಿಗೆ ಗೆದ್ದ ಅಮಲು ತಲೆಗೇರಿತ್ತು. ಯಜಮಾನರ ಕೋಣೆಗೆ ನುಗ್ಗುವಾಗ ಕೈಯಲ್ಲಿ ಛತ್ರಿ ಇದ್ದರೆ ಒಂದು ಗತ್ತು ಇರುತ್ತದೆ ಎಂದು ವರಾಂಡಕ್ಕೆ ನಡೆದ. ಛತ್ರಿ ಸ್ಟ್ಯಾಂಡಿನಲ್ಲಿ ಅದೊಂದೇ ಇತ್ತು. ಬೆಳಗ್ಗೆ ಅವನು ಒಳಗೆ ಬಂದ ಕೂಡಲೇ ‘ಕೊಡೋ ಇಲ್ಲಿ’ ಎಂದು ಕಿತ್ತುಕೊಂಡು ನೇತುಹಾಕಿದ್ದು ಅಕ್ಕ.

ಕೈ ಚಾಚಿದವನು ಹಾಗೇ ನಿಂತ.

ಛತ್ರಿ ಸುತ್ತುವ ರೀತಿ ರುಜುವಿನ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ. ಇದು ಲೋಕದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ, ಅವನೊಬ್ಬನಿಗೇ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಅವನು ಎಡಚ. ಬಟ್ಟೆಯನ್ನು ಉಲ್ಟಾ ಸುತ್ತುತ್ತಾನೆ, ಪಟ್ಟಿ ಗುಂಡಿಗೆ ಎಟುಕುವುದಿಲ್ಲ, ಅದಕ್ಕೆ ಮೇಲೊಂದು ಬಿಳಿ ದಾರ ಬಿಗಿಯುತ್ತಾನೆ. ಬೆಳಗ್ಗೆಯೂ ಹಾಗೇ ಬಿಗಿದಿದ್ದ.

ಈಗ ಛತ್ರಿ ಬಲಕ್ಕೆ ಸುತ್ತಿತ್ತು. ಮಡಿಕೆ ಮಡಿಕೆಯನ್ನೂ ಹೆಬ್ಬೆರಳಲ್ಲಿ ಒತ್ತಿ ಸಾಪು ಮಾಡಿತ್ತು. ಪಟ್ಟಿ ಗುಂಡಿಗೆ ಸರಿಯಾಗಿ ಕೂತಿತ್ತು. ಬಿಚ್ಚಿದ ಬಿಳಿ ದಾರವನ್ನು ಎಸೆಯದೆ ಹಿಡಿಕೆಗೆ ಸುತ್ತಿ ಪುಟ್ಟ ಗಂಟು ಹಾಕಿತ್ತು, ಕಳೆಯದಿರಲಿ ಎಂದು.

ಅಮ್ಮ ಇಬ್ಬರು ಮಕ್ಕಳಿಗೂ ಕಲಿಸಿದ್ದು ಹಾಗೆ. ಅವನಿಗೆ ಹಿಡಿಯಲಿಲ್ಲ, ಬೈಸಿಕೊಂಡ. ಶಾಲೆಗೆ ಹೊರಡುವಾಗ ಅವನ ಛತ್ರಿಯನ್ನು ದಿನಾ ಬಿಚ್ಚಿ ಮತ್ತೆ ಸುತ್ತಿ ಕೊಡುತ್ತಿದ್ದವಳು ಒಬ್ಬಳೇ.

ಎತ್ತಿ ನೋಡಿದ. ತೂಕ ಹೆಚ್ಚಿತ್ತು. ಒಂದು ಮಡಿಕೆಯನ್ನು ಉಗುರಿನಿಂದ ಸರಿಸಿದ. ಬಟ್ಟೆಯ ನಡುವೆ ಚೀಟಿಯ ಅಂಚು ಇಣುಕಿತು. ಅದರ ಮೇಲೆ: ‘ಬಾಸ್, ಚಿಲ್ರೆ ಇದ್ಯಾ?’

“ಬಿಚ್ಚಬೇಡ್ವೋ.”

ಅಕ್ಕ ಹಿಂದೆ ನಿಂತಿದ್ದಳು. ಕೈಯಲ್ಲಿ ಅವನಿಗೆಂದು ತಂದ ನೀರಿನ ಲೋಟ.

“ನೀನಾ?” ಅಂದ ಛತ್ರಿ. ಲೋಟ ತೆಗೆದುಕೊಳ್ಳಲು ಕೈ ಬರಲಿಲ್ಲ.

“ಮೆತ್ತಗೆ ಮಾತಾಡು.”

“ಏನು ಮೆತ್ತಗೆ! ಪತ್ತೇದಾರನ್ನ ಕರೆಸೋಣ ಅಂತ ಯಜಮಾನರಿಗೆ ಹೇಳಿದ್ದೇ ನೀನು! ಕದ್ದೋಳೂ ನೀನೇ, ಕರೆಸಿದೋಳೂ ನೀನೇನಾ?”

“ಅವರು ಪೊಲೀಸರನ್ನ ಕರೀತೀನಿ ಅಂತ ಕೂತಿದ್ರು. ಬೇಡ, ನಮ್ಮ ತಮ್ಮ ಇದಾನೆ ಅಂದೆ. ತಮ್ಮನೇ ಅಕ್ಕನ್ನ ಹಿಡಿದುಕೊಟ್ರೆ ಕಚೇರಿ ಮೇಲೆ ಮಾತು ಬರಲ್ಲ ಅಂತ ಅವರೂ ಒಪ್ಪಿದ್ರು.” ಅಕ್ಕ ನೆಲ ನೋಡಿದಳು. “ನಿನಗೆ ಸಿಗಲ್ಲ ಅಂತ ಧೈರ್ಯ ಇತ್ತು ಕಣೋ.”

ಛತ್ರಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು.

“ಬೆಕ್ಕು ಸಿಕ್ಕಿತ್ತು,” ಅಂದ.

“ಅದು ಹಸಿವಾಗಿ ತಾನೇ ಬಂತು.”

“ಮತ್ತೆ ಇದನ್ನ ನನ್ನ ಛತ್ರಿಗೆ ಯಾಕೆ ತುಂಬಿದೆ?”

“ಗೇಟಲ್ಲಿ ನಿನ್ನೆಯಿಂದ ಎಲ್ಲರ ಚೀಲ ಜಾಲಾಡ್ತಿದಾರೆ. ಡಬ್ಬಿ ಮುಚ್ಚಳ ಕೂಡ ಬಿಡಲ್ಲ. ಪತ್ತೇದಾರನ ಛತ್ರಿ ಯಾರು ನೋಡ್ತಾರೆ? ಕಟ್ಟು ಹಾಗೇ ಇಟ್ರೆ ಉಬ್ಬುತ್ತೆ. ಅದಕ್ಕೇ ಬಿಡಿಸಿ ಹರಡಿದೆ. ಎಂಟು ಮಡಿಕೆ, ಮಡಿಕೆಗೆ ಎಂಟು. ಲೆಕ್ಕ ಸರಿಯಾಗಿ ಕೂತಿತು.”

ಆ ಕಷ್ಟದಲ್ಲೂ ಅವಳ ದನಿಯಲ್ಲಿ ಚೂರು ಹೆಮ್ಮೆ ಇತ್ತು.

“ನಿನ್ನೆ ಎಲ್ಲಿಟ್ಟಿದ್ದೆ?”

“ಯಜಮಾನರ ಕುರ್ಚಿ ದಿಂಬಿನ ಕೆಳಗೆ. ಅದರ ಮೇಲೆ ಕೂತ್ಕೊಂಡೇ ಒಂದು ಗಂಟೆ ನನಗೆ ಬೈದ್ರು.”

ಛತ್ರಿಗೆ ನಗು ಬಂತು. ನಗಬಾರದ ಹೊತ್ತಿನಲ್ಲಿ ಬರುವ ನಗು ತಡೆಯುವುದು ಕಷ್ಟ. ಮೂಗಿನಿಂದ ಒಂದು ಸದ್ದು ಹೊರಟೇಬಿಟ್ಟಿತು. ಅಕ್ಕನಿಗೂ ತುಟಿ ಅದುರಿತು. ಮರುಕ್ಷಣ ಅವಳ ಕಣ್ಣು ತುಂಬಿದ್ದು ನೋಡಿ ಅವನ ನಗು ಅಲ್ಲೇ ಸತ್ತಿತು.

“ಯಾಕೆ ಅಕ್ಕಾ?”

ಅವಳು ಲೋಟವನ್ನು ಕಿಟಕಿಯ ಕಟ್ಟೆ ಮೇಲಿಟ್ಟಳು.

“ಒಂದನೇ ಚೀಟಿ ಬರೆದವಳು ನಾನು.”

ಒಳಗೆ ಯಾರೋ ಟೈಪು ಕುಟ್ಟುವ ಸದ್ದು ನಿಂತು ಮತ್ತೆ ಶುರುವಾಯಿತು.

“ಹೊಸಬರು ಮೊದಲನೇ ತಿಂಗಳಲ್ಲಿ ನೂರು ಚೀಟಿ ತರಬೇಕಿತ್ತು. ಇಲ್ದಿದ್ರೆ ಮನೆಗೆ. ಬೀದಿ ಬೀದಿ ಅಲೆದು, ಅವರಿವರ ಮಾತು ಕದ್ದು ಕೇಳಿ ತೊಂಬತ್ತೊಂಬತ್ತು ಮಾಡಿದ್ದೆ. ಕೊನೇ ಸಂಜೆ ಬಸ್ಸಲ್ಲಿ ಕೂತಿದೀನಿ, ಇನ್ನೊಂದು ಇಲ್ಲ. ತೊಡೆ ಮೇಲೆ ನಿನ್ನ ಅಂಗಿ ಇತ್ತು. ಬಸ್ ನಿಲ್ದಾಣದ ಕೆಲಸದ ಸಂದರ್ಶನಕ್ಕೆ ಹೊಲಿಸಿದ್ವಲ್ಲ?”

“ತೋಳು ಉದ್ದ ಆಗಿತ್ತು,” ಅಂದ ಛತ್ರಿ ನಿಧಾನವಾಗಿ.

“ಒಂದಿಂಚು. ದರ್ಜಿ ರಸೀದಿ ಕೈಯಲ್ಲೇ ಇತ್ತು. ಬರೆದುಬಿಟ್ಟೆ. ಹಳೇ ಇಸವಿ ಹಾಕಿದ್ರೆ ಯಾರು ಹೋಗಿ ಕೇಳ್ತಾರೆ ಅಂತ ಬಾಯಿಗೆ ಬಂದದ್ದು ಹಾಕಿದೆ. ಮಾರನೇ ದಿನ ಯಜಮಾನರು ಅದನ್ನ ನೋಡಿ ಕುಣಿದಾಡಿಬಿಟ್ರು. ಎರಡನೇ ದಿನ ನೋಡ್ತೀನಿ, ಮೂಲೇಲಿ ನನ್ನ ಅಕ್ಷರ ಉಜ್ಜಿ ಅವರ ಅಕ್ಷರ ಹಾಕ್ಕೊಂಡಿದಾರೆ!”

“ಅಯ್ಯೋ ಇವರ!”

“ಸುಳ್ಳು ಅಂತ ಹೇಳೋಕೂ ಬಾಯಿಲ್ಲ, ನನ್ನದು ಅಂತ ಜಗಳ ಆಡೋಕೂ ಬಾಯಿಲ್ಲ. ಅವರು ಪದಕ ತಗೊಳೋವಾಗ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದೆ ಕಣೋ. ಇಪ್ಪತ್ತೆರಡು ವರ್ಷ ಆಯ್ತು. ಆಮೇಲೆ ನಲವತ್ತು ಸಾವಿರ ಚೀಟಿ ಬರೆದಿದೀನಿ, ಒಂದರಲ್ಲೂ ಒಂದು ಅಕ್ಷರ ಸುಳ್ಳಿಲ್ಲ. ಜ್ವರ ಬಂದಾಗಲೂ ಎರಡೆರಡು ಸಲ ತಾಳೆ ನೋಡಿದೀನಿ. ಆ ಒಂದಕ್ಕೆ ಪ್ರಾಯಶ್ಚಿತ್ತ ಅಂದ್ಕೊಂಡೇ ಮಾಡಿದೆ.” ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. “ಅಚ್ಚಾದ್ರೆ ಮುಗೀತು. ನಿಘಂಟಲ್ಲಿ ಬಂದದ್ದನ್ನ ಜನ ನಂಬ್ತಾರೆ. ಮಕ್ಕಳು ಓದ್ತಾರೆ. ನಾನು ಸತ್ತ ಮೇಲೂ ಅದು ಇರುತ್ತೆ.”

“ಆ ಒಂದು ಚೀಟಿ ತೆಗೆದು ಹರಿದು ಹಾಕಿದ್ರೆ ಆಗ್ತಿತ್ತಲ್ಲ? ಇಡೀ ಕಟ್ಟು ಯಾಕೆ?”

“ಒಂದು ಚೀಟಿ ಹೋದ್ರೆ ‘ಯಾಕೆ’ ಅಂತ ಕೇಳ್ತಾರೆ. ಕಟ್ಟೇ ಹೋದ್ರೆ ‘ಯಾರು’ ಅಂತ ಕೇಳ್ತಾರೆ. ಯಾರು ಅಂದ್ರೆ ನಾನು ಕೆಲಸ ಕಳ್ಕೋತೀನಿ, ಅಷ್ಟೆ. ಯಾಕೆ ಅಂತ ಗೊತ್ತಾದ್ರೆ ನಲವತ್ತು ಸಾವಿರಕ್ಕೂ ಬೆಲೆ ಹೋಗುತ್ತೆ. ಇಂಥದ್ದನ್ನ ಈ ಕಚೇರೀಲಿ ಯಾರೂ ಹೊಟ್ಟೆಗೆ ಹಾಕ್ಕೊಳಲ್ಲ.” ಸ್ವಲ್ಪ ತಡೆದು ಮೆಲ್ಲಗೆ ಹೇಳಿದಳು, “ಹರಿಯೋಕೆ ನೋಡಿದೆ. ಚೀಟಿ ಹರಿಯೋಕೆ ಕೈ ಬರಲಿಲ್ಲ.”

ಛತ್ರಿ ಕೈಯಲ್ಲಿದ್ದ ಛತ್ರಿಯನ್ನು ನೋಡಿದ. ಹುಟ್ಟಿದ ಮೇಲೆ ಮೊದಲ ಬಾರಿಗೆ ಒಂದು ಪ್ರಕರಣ ಬಿಡಿಸಿದ್ದ, ತಾನಾಗಿ, ತನ್ನ ಬುದ್ಧಿಯಿಂದ. ಅದನ್ನು ಹೇಳಿಕೊಳ್ಳುವ ಹಾಗಿಲ್ಲ. ಹೇಳಿದರೆ ಅಕ್ಕ ಹೋದಳು. ಹೇಳದಿದ್ದರೂ ಅಕ್ಕ ಹೋದಳು. ವ್ಯತ್ಯಾಸ ಒಂದೇ: ಹೇಳದಿದ್ದರೆ ತಲೆ ಎತ್ತಿಕೊಂಡು ಹೋಗುತ್ತಾಳೆ.

“ಈಗಲೇ ಹೊರಟೆ,” ಅಂದ. “ಗೇಟು ದಾಟಿದ ಮೇಲೆ ನೋಡ್ಕೋತೀನಿ. ಹರಿಯೋಕೆ ನನ್ನ ಕೈ ಬರುತ್ತೆ.”

ಎರಡು ಹೆಜ್ಜೆ ಇಟ್ಟಿರಲಿಲ್ಲ.

“ಎಲ್ಲಿಗ್ರೀ ಹೊರಟ್ರಿ ಪತ್ತೇದಾರ್ರೇ?”

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಮೂವತ್ತು ಪುಟದ ಮುನ್ನುಡಿ. ಪಕ್ಕದಲ್ಲಿ ಬೆರಳಿಗೆಲ್ಲ ಮಸಿ ಮೆತ್ತಿಕೊಂಡ ಪ್ರೆಸ್ಸಿನವನು. ಅವನು ಒಂದು ಗಂಟೆ ಮೊದಲೇ ಬಂದಿದ್ದ. ಇಂಥವರು ಬೇಕಾದಾಗ ಒಂದು ವಾರ ತಡ, ಬೇಡದಾಗ ಒಂದು ಗಂಟೆ ಮುಂಚೆ. ಅವರ ಹಿಂದೆ, ಯಜಮಾನರಿಗೆ ಮೈ ತಾಗದ ಹಾಗೆ ಆರು ವರ್ಷದ ದೂರ ಕಾಯ್ದುಕೊಂಡು, ಮೂಲ ಮೇಷ್ಟ್ರು.

“ಸಿಕ್ತಾ?”

“ಇನ್ನೂ... ಹುಡುಕ್ತಾ ಇದೀನಿ ಸಾರ್.”

“ಅದೇ ಅಂದ್ಕೊಂಡೆ.” ಯಜಮಾನರು ಅಕ್ಕನ ಕಡೆ ತಿರುಗಲೂ ಇಲ್ಲ. “ಇವರ ವ್ಯಾನು ಗೇಟ್ ಹೊರಗೆ ನಿಂತಿದೆ. ಮುನ್ನುಡಿ ಹಾಳೆಗಳನ್ನಾದ್ರೂ ನಾನೇ ಅದರಲ್ಲಿಟ್ಟು ಬರ್ತೀನಿ. ನೋಡಿ, ಸರಿಯಾಗಿ ಈಗಲೇ ಹನಿ ಶುರು.”

ಹೌದು. ಎರಡು ತಿಂಗಳಿಂದ ಒಂದು ಹನಿ ಉದುರದ ಆಕಾಶ, ಆ ಕ್ಷಣಕ್ಕೇ ಕಾದಿದ್ದಂತೆ, ಮೆಟ್ಟಿಲ ಮೇಲೆ ಪಟಪಟ ಹನಿ ಉದುರಿಸುತ್ತಿತ್ತು.

“ನಿಮ್ಮ ಛತ್ರಿ ಕೊಡಿ ಒಂದು ನಿಮಿಷ.”

“ಇದು ಸೋರುತ್ತೆ ಸಾರ್.”

“ಸ್ವಲ್ಪ ಸೋರಿದ್ರೆ ಏನಂತೆ?”

“ಬಿಚ್ಚಲ್ಲ ಸಾರ್. ಸ್ಪ್ರಿಂಗ್ ಹೋಗಿದೆ.”

“ಕೊಡ್ರೀ ಇಲ್ಲಿ!”

ಯಜಮಾನರು ತುದಿ ಹಿಡಿದರು. ಛತ್ರಿ ಹಿಡಿಕೆ ಬಿಡಲಿಲ್ಲ. ಅಕ್ಕ ನಡುವೆ ಕೈ ಹಾಕಿದಳು. ಒಂದು ಕರಿ ಛತ್ರಿಗೆ ಮೂವರು ದೊಡ್ಡವರು ಜಗ್ಗಾಡುವುದನ್ನು ಪ್ರೆಸ್ಸಿನವನು ಬಾಯಿ ಬಿಟ್ಟುಕೊಂಡು ನೋಡಿದ. ಜಗ್ಗಾಟದಲ್ಲಿ ಪಟ್ಟಿಯ ಗುಂಡಿ ಕಿತ್ತುಬಂತು. ಯಾರ ಹೆಬ್ಬೆರಳು ಎಲ್ಲಿ ಬಿತ್ತೋ, ಫಟ್!

ಚೆನ್ನಾಗಿಯೇ ಇದ್ದ ಸ್ಪ್ರಿಂಗು ಛತ್ರಿಯನ್ನು ಒಂದೇ ಏಟಿಗೆ ಅರಳಿಸಿತು. ಬಾಸ್‌ಗಳು ಉದುರಿದವು. ಯಜಮಾನರ ತಲೆಯ ಮೇಲೆ, ಹೆಗಲ ಮೇಲೆ, ವರಾಂಡದ ತುಂಬ. ‘ಬಾಸ್, ಸ್ವಲ್ಪ ಜರುಗಿ.’ ‘ನಮ್ಮ ಬಾಸ್ ರಜೆ ಕೊಡಲ್ಲ.’ ‘ಏನ್ ಬಾಸ್, ಕಾಣೋದೇ ಇಲ್ಲ.’

ಪ್ರೆಸ್ಸಿನವನು ಚೀಟಿ ತುಳಿಯದ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ.

“ಪತ್ತೇದಾರ್ರೇ,” ಅಂದರು ಯಜಮಾನರು. ಮೂಗಿನ ಮೇಲೆ ಒಂದು ಚೀಟಿ ಇನ್ನೂ ಕೂತಿತ್ತು. “ಇದು ನಿಮ್ಮ ಛತ್ರಿ ತಾನೇ?”

ಅಕ್ಕ ಬಾಯಿ ತೆರೆದಳು. ಛತ್ರಿ ಅವಳಿಗಿಂತ ಮೊದಲು ಮಾತಾಡಿದ.

“ಹೌದು ಸಾರ್. ನನ್ನದೇ. ಕದ್ದದ್ದೂ ನಾನೇ. ಕದ್ದು ನಾನೇ ಹುಡುಕಿಕೊಟ್ರೆ ಹೆಸರು ಬರುತ್ತೆ ಅಂತ. ಹನ್ನೊಂದು ಪ್ರಕರಣದಲ್ಲಿ ಬೆಕ್ಕೊಂದೇ ಸಿಕ್ಕಿತ್ತು ಸಾರ್. ಅದೂ ತಾನಾಗೇ ಬಂದದ್ದು.”

ಅಷ್ಟು ಚೆನ್ನಾಗಿ ಅವನು ಜೀವಮಾನದಲ್ಲಿ ಸುಳ್ಳು ಹೇಳಿರಲಿಲ್ಲ. ಪ್ರೆಸ್ಸಿನವನು ಒಡನೆ ನಂಬಿದ. ಯಜಮಾನರೂ ನಂಬಿದರು. ಅಕ್ಕ ಮಾತ್ರ, ಚಿಕ್ಕಂದಿನಲ್ಲಿ ಅವನು ಜಾರಿ ಬಿದ್ದಾಗ ನೋಡುತ್ತಿದ್ದ ಹಾಗೆ ಅವನನ್ನು ನೋಡಿದಳು.

“ನಿಮ್ಮ ವಿಚಾರ ಆಮೇಲೆ. ಮೊದಲು ಒಂದನೇ ಚೀಟಿ!” ಯಜಮಾನರು ಮಂಡಿಯೂರಿದರು. ಚೀಟಿ ಆಯ್ದು ಎಣಿಸತೊಡಗಿದರು.

ಛತ್ರಿಯ ಕಣ್ಣು ನೆಲದ ಮೇಲೆ ಓಡಿತು. ಒಂದೇ ಒಂದು ಚೀಟಿ, ಹಳದಿ ತಿರುಗಿದ್ದು, ಜಾರುತ್ತ ಹೋಗಿ ಮೂಲ ಮೇಷ್ಟ್ರ ಚಪ್ಪಲಿಯ ಹತ್ತಿರ ನಿಂತಿತ್ತು. ಅವನು ಬಗ್ಗುವ ಮೊದಲೇ ಮೇಷ್ಟ್ರು ಬಗ್ಗಿದರು.

ಓದಿದರು. ಅವರ ಮುಖ ಹಬ್ಬದ ದೀಪದಂತೆ ಬೆಳಗಿತು. ಮೂವತ್ತು ವರ್ಷ ಕಾದದ್ದು ಕೈಯಲ್ಲಿತ್ತು. ಪ್ರೆಸ್ಸಿನವನು ಎದುರಲ್ಲೇ ಇದ್ದ. ಬಾಯಿ ತೆರೆಯುವುದೊಂದೇ ಬಾಕಿ.

ಆಮೇಲೆ ಅವರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. ಅಕ್ಷರಗಳ ಮೇಲೆ ಬೆರಳಾಡಿಸಿದರು. ನಿದ್ದೆಗಣ್ಣಲ್ಲಿ ಗುರುತಿಸಬಲ್ಲ ಕೈಬರಹ.

ತಲೆ ಎತ್ತಿ ಅಕ್ಕನನ್ನು ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ. ಬೇಡ ಎನ್ನಲಿಲ್ಲ, ಕೈ ಮುಗಿಯಲಿಲ್ಲ. ಇಪ್ಪತ್ತೆರಡು ವರ್ಷ ಅವರ ಎದುರು ಮೇಜಿನಲ್ಲಿ ಕೂತು ಚೀಟಿ ತಾಳೆ ನೋಡಿದ ಹೆಂಗಸು.

“ಅರವತ್ತೆರಡು... ಅರವತ್ತಮೂರು.” ಯಜಮಾನರು ಎಣಿಕೆ ನಿಲ್ಲಿಸಿದರು. “ಒಂದನೇದು ಎಲ್ಲಿ?”

ಅವರೇ ಅರಳಿದ ಛತ್ರಿಯನ್ನು ಎತ್ತಿ ಕೊಡವಿದರು, ಏನೂ ಉದುರಲಿಲ್ಲ.

“ಸಾರ್,” ಅಂದ ಪ್ರೆಸ್ಸಿನವನು, “ಆ ಮೇಷ್ಟ್ರು ಏನೋ ತಿಂತಾ ಇದಾರೆ.”

ಎಲ್ಲರೂ ತಿರುಗಿದರು. ಮೂಲ ಮೇಷ್ಟ್ರ ಎರಡು ಕೈಯೂ ಖಾಲಿ. ಬಲಗೆನ್ನೆ ಉಬ್ಬಿತ್ತು. ದವಡೆ ಆಡುವುದು ತಟ್ಟನೆ ನಿಂತಿತು, ಕಣ್ಣು ಮಾತ್ರ ಅಗಲವಾಯಿತು.

ಯಜಮಾನರು ಆರು ವರ್ಷದ ದೂರವನ್ನು ಎರಡೇ ಹೆಜ್ಜೆಗೆ ದಾಟಿ ಅವರ ಮುಂದೆ ನಿಂತರು.

“ಮೇಷ್ಟ್ರೇ,” ಅಂದರು, “ಬಾಯಿ ತೆಗೀರಿ.”